ತಂಬಿಗೆ ಹಿಡಿದ ಕೈ

ಆ ಮನುಷ್ಯ ಸತ್ತು ಎಷ್ಟೋ ವರ್ಷವಾಗಿರಬೇಕು. ಅವನ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ‘ಹಳೆಯದನ್ನೆಲ್ಲ ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೀ, ಬಿಟ್ಟುಬಿಡು’ ಎಂದು ಬುದ್ಧಿ ಹೇಳುವವರಿಗೆ ನನ್ನ ಉತ್ತರ ಒಂದೇ. ಏಟು ತಿಂದದ್ದು ನಿಮ್ಮಪ್ಪ ಅಲ್ಲ, ನಮ್ಮಪ್ಪ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಸಯನ್ನಿನ ಒಂದು ಚಾಳಿನಲ್ಲಿ, ಎರಡನೇ ಮಾಳಿಗೆಯಲ್ಲಿ ನಮ್ಮ ಮನೆ. ಅಪ್ಪ ಧಾರವಾಡ ಬಿಟ್ಟು ಬಂದು ಇಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ನಾನು ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್. ಚಾಳಿನ ಮಾಲೀಕನಿಗೆ ನಮ್ಮನ್ನೆಲ್ಲ ಓಡಿಸಿ ಹೊಸ ಬಿಲ್ಡಿಂಗ್ ಎಬ್ಬಿಸುವ ಆಸೆ. ಅದಕ್ಕಾಗಿ ಒಬ್ಬ ದಾದಾನನ್ನು ತಂದು ಕೆಳಗಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ್ದ. ಎಲ್ಲರೂ ಅವನನ್ನು ‘ಭಾವೂ’, ಅಂದರೆ ಅಣ್ಣ, ಅನ್ನುತ್ತಿದ್ದರು. ನಾನು ಒಂದು ದಿನವೂ ಅನ್ನಲಿಲ್ಲ. ಮನಸ್ಸು ಬಂದಾಗ ನಳ ಬಂದ್ ಮಾಡುವುದು, ಮೆಟ್ಟಿಲಿನ ದೀಪ ಕಿತ್ತುಹಾಕುವುದು, ಇದೇ ಅವನ ಉದ್ಯೋಗ.

ಒಂದು ಬೆಳಿಗ್ಗೆ ಅಪ್ಪ ಕೆಳಗೆ ಹೋಗಿ, ನೀರು ಯಾಕೆ ನಿಲ್ಲಿಸಿದಿರಿ ಎಂದು ಮರ್ಯಾದೆಯಿಂದಲೇ ಕೇಳಿದರು. ಅವನು ನೇರ ಕಪಾಳಕ್ಕೆ ಬಿಟ್ಟ. ಅಪ್ಪನ ಕನ್ನಡಕ ಹಾರಿ ಬಿದ್ದು ಒಂದು ಗಾಜು ಬಿರುಕು ಬಿಟ್ಟಿತು. ಅಷ್ಟನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅಪ್ಪ ಬಗ್ಗಿ ಕನ್ನಡಕ ಎತ್ತಿಕೊಂಡು, “ಮಾಫ್ ಕರಾ” ಅಂದರು. ಅಯ್ಯೋ, ಹೊಡೆಸಿಕೊಂಡವರೇ ಕ್ಷಮೆ ಕೇಳಿದರು! ಗ್ಯಾಲರಿಯಲ್ಲಿ ನಿಂತಿದ್ದ ಇಡೀ ಚಾಳು ಅದನ್ನು ಕೇಳಿಸಿಕೊಂಡಿತು. ನನ್ನ ಮೈಯೆಲ್ಲ ಉರಿದುಹೋಯಿತು.

ಅದೇ ದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಪಾರ್ಸಿ ಬಾಯಿಯನ್ನು, ಪಿಸ್ತೂಲಿನ ಲೈಸೆನ್ಸ್ ಹೇಗೆ ಸಿಗುತ್ತದೆ ಎಂದು ಕೇಳಿದೆ. ಯುದ್ಧದ ಕಾಲದಲ್ಲಿ ಬಂದೂಕು ಕಲಿತಿದ್ದ ಹೆಂಗಸು ಅವಳು. “ಪೆಹಲೇ ಸೀಖೋ, ಬಾದ್ ಮೇ ಮಾಂಗೋ”, ಮೊದಲು ಕಲಿ, ಆಮೇಲೆ ಕೇಳು, ಎಂದು ನಕ್ಕಳು. ಅವಳ ಶೂಟಿಂಗ್ ಕ್ಲಬ್ಬಿನಲ್ಲಿ ದಸರೆ ಮುಗಿದ ಮೇಲೆ ಹೊಸಬರಿಗೆ ಭಾನುವಾರದ ಕ್ಲಾಸು ಶುರುವಾಗುವುದಿತ್ತು. ಅಲ್ಲಿ ಪಾಸಾದರೆ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಒಂದೇ ಕೈಯನ್ನು ನೇರ ಚಾಚಿ, ಭಾರ ಹಿಡಿದು, ನಡುಗದೆ ನಿಲ್ಲಬೇಕು. ಇಲ್ಲದಿದ್ದರೆ ಮೊದಲ ದಿನವೇ ಮನೆಗೆ ಕಳಿಸುತ್ತಾರೆ. ಮತ್ತೆ, ಮದುವೆಯಾಗದ ಹುಡುಗಿಯಾದರೆ ಮನೆಯ ಹಿರಿಯರೊಬ್ಬರು ಜೊತೆಗೆ ಬರಲೇಬೇಕು.

ಅಪ್ಪನ ಮುಂದೆ ವಿಷಯ ತೆಗೆದೆ.

“ಪಿಸ್ತೂಲ್ ಹಿಡದು ಏನ್ ಮಾಡಾಕಿ?” ಎಂದರು.

“ಅವನ ಮೊಣಕಾಲಿಗೆ ಹೊಡೀತೀನಿ. ಜೀವ ಇರೂತನಕ ಕುಂಟಕೊಂತ ತಿರಗಲಿ.”

“ನನ್ನ ಸಲುವಾಗಿ ಇದೆಲ್ಲಾ ಬ್ಯಾಡವಾ. ನಾ ಅಂತೂ ಬರಂಗಿಲ್ಲ” ಎಂದು ಪೇಪರು ಅಡ್ಡ ಹಿಡಿದರು.

ಒಳಗಿನಿಂದ ಅವ್ವ ಕೂಗಿದಳು: “ಹುಚ್ಚ ಹಿಡದೈತೇನ ನಿನಗ! ಪಿಸ್ತೂಲ್ ಹಿಡಿಯೋ ಹುಡಿಗೀನ ಯಾವಾಂವ ಮಾಡಕೊಂಡಾನ?”

ಯಾರು ಮಾಡಿಕೊಂಡರೇನು, ಬಿಟ್ಟರೇನು. ಮರುದಿನ ಬೆಳಿಗ್ಗೆ ಎದ್ದವಳೇ ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿಕೊಂಡು ಗ್ಯಾಲರಿಗೆ ಬಂದು, ಬಲಗೈ ಚಾಚಿ ನಿಂತೆ. ಭುಜ ಹರಿದುಬೀಳುವ ಹಾಗಾಯಿತು. ನೀರು ಚೆಲ್ಲಿ ಕೆಳಗೆ ಒಣಹಾಕಿದ್ದ ಯಾರದೋ ಲಂಗ ತೊಯ್ದುಹೋಯಿತು. ಅವನು ಅಂಗಳದಲ್ಲಿ ಹಲ್ಲುಜ್ಜುತ್ತ ಕೂತಿರುತ್ತಿದ್ದ. ಅವನನ್ನು ನೋಡಿದೊಡನೆ ನೋವು ಮರೆಯುತ್ತಿತ್ತು. ದಿನಾ ನಿಂತೆ.

ನಮ್ಮ ಗ್ಯಾಲರಿಯೋ ಪೂರ್ವಕ್ಕೆ. ಪಕ್ಕದ ಮನೆಯ ಮರಾಠಿ ಕಾಕು ನನ್ನನ್ನು ನೋಡಿ, ಒಳ್ಳೆಯ ಗಂಡ ಸಿಗಲೆಂದು ಹುಡುಗಿ ಸೂರ್ಯನಿಗೆ ಅರ್ಘ್ಯ ಕೊಡುತ್ತಿದ್ದಾಳೆ ಎಂದು ತಿಳಿದಳು. ಅವ್ವನಿಗೂ ಅದನ್ನೇ ಹೇಳಿದಳು. ಪಿಸ್ತೂಲಿನ ಹುಚ್ಚು ಬಿಟ್ಟಿತೆಂದು ಅವ್ವನಿಗೆ ಎಷ್ಟು ಖುಷಿಯೆಂದರೆ, ದಿನವೂ ತಂಬಿಗೆಗೆ ಒಂದು ಕೆಂಪು ದಾಸವಾಳ ಹಾಕಿಕೊಡತೊಡಗಿದಳು. ನಾನು ಬಾಯಿ ಬಿಡಲಿಲ್ಲ. ಅಳಿಯನಿಗಾಗಿ ಅವ್ವ ಹಾಕಿದ ಆ ಹೂವಿನ ನೇರಕ್ಕೇ ಕಣ್ಣಿಟ್ಟು ಅವನ ಮೊಣಕಾಲಿಗೆ ಗುರಿ ಹಿಡಿಯುತ್ತಿದ್ದೆ. ಅರ್ಧ ಉಸಿರು ಬಿಟ್ಟು ಅರ್ಧ ಹಿಡಿಯಬೇಕೆಂದು ಪಾರ್ಸಿ ಬಾಯಿ ಹೇಳಿಕೊಟ್ಟಿದ್ದಳು. ಬರಬರುತ್ತ ನೀರು ಚೆಲ್ಲುವುದು ನಿಂತಿತು.

ಖಂಡೇನವಮಿಯ ದಿನ ಆಯುಧ ಪೂಜೆಗೆ ಅವ್ವ ಈಳಿಗೆ, ಕತ್ತರಿ, ಅಪ್ಪನ ಪೆನ್ನು ಜೋಡಿಸಿಟ್ಟಳು. ನಾನು ತಂಬಿಗೆ ತಂದಿಟ್ಟೆ.

“ತಂಬಗಿ ಯಾವಾಗಿಂದ ಆಯುಧ ಆತು?” ಎಂದಳು ಅವ್ವ.

“ಈ ವರ್ಷದಿಂದ.”

ಅಪ್ಪ ಬಿರುಕು ಬಿಟ್ಟ ಕನ್ನಡಕದಿಂದ ನನ್ನನ್ನೊಮ್ಮೆ ನೋಡಿದರು. ಅವರಿಗೆ ಎಲ್ಲ ತಿಳಿದಿತ್ತು. ತಂಬಿಗೆಗೂ ಕುಂಕುಮ ಹಚ್ಚಿದರು.

ಮರುದಿನ ದಸರೆ. ನಮ್ಮ ಕಡೆ ಬನ್ನಿ ಎಲೆ, ಮರಾಠಿಗರಲ್ಲಿ ಆಪ್ಟಾ ಎಲೆ. ಎರಡನ್ನೂ ಬಂಗಾರವೆಂದೇ ಕೊಡುತ್ತಾರೆ. ಹಬ್ಬದ ದಿನ ಕೊಟ್ಟ ಬಂಗಾರ ಬೇಡವೆನ್ನುವಂತಿಲ್ಲ, ತೆಗೆದುಕೊಂಡರೆ ಹಳೆಯ ಜಗಳ ಅಲ್ಲಿಗೆ ಮುಗಿಯಿತು. ಆ ಭಾಡ್ಯಾನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಿಳಿ ಅಂಗಿ ತೊಟ್ಟು, ಹಣೆಗೆ ಕುಂಕುಮ ಇಟ್ಟು, ಕೈತುಂಬ ಎಲೆ ಹಿಡಿದು ಸಂಜೆ ಮನೆಮನೆಗೆ ಬಂದ. ನಮ್ಮ ಬಾಗಿಲಲ್ಲಿ ನಿಂತು, “ಸೋನಂ ಘ್ಯಾ, ಮಾಸ್ತರ್”, ಬಂಗಾರ ತಗೊಳ್ಳಿ, ಎಂದು ಹಲ್ಲು ಕಿರಿದ.

ಅಪ್ಪ ಎರಡೂ ಕೈ ಒಡ್ಡಿ ತೆಗೆದುಕೊಂಡರು. ಕಣ್ಣಿಗೂ ಒತ್ತಿಕೊಂಡರು. ಇನ್ನೊಂದು ಸಲ ಮಾಫ್ ಕೇಳಿದ ಹಾಗಾಯಿತು ನನಗೆ. ಅವರ ಮೇಲೂ ಕೆಂಡದಂಥ ಸಿಟ್ಟು ಬಂತು.

ಆಮೇಲೆ ಅವನು ನನ್ನ ಕಡೆ ಎಲೆ ಚಾಚಿದ. ನಾನೂ ಕೈ ಚಾಚಿದೆ, ಮುಷ್ಟಿ ಬಿಚ್ಚಲಿಲ್ಲ. ನೇರ ತೋಳು, ಮುಷ್ಟಿ ಅವನ ಎರಡು ಹುಬ್ಬುಗಳ ನಡುವಿಗೆ, ಉಸಿರು ಅರ್ಧ. “ಘೇ ನಾ, ಪೋರೀ”, ತಗೋ ಹುಡುಗಿ, ಅಂದ. ನಾನು ಅಲುಗಲಿಲ್ಲ. ತಂಬಿಗೆಯ ಭಾರವೇ ಇಲ್ಲದ ಕೈ, ಬೇಕಾದರೆ ಬೆಳಗಿನವರೆಗೂ ಹಾಗೇ ಇರುತ್ತಿತ್ತು. ಚಾಳಿನವರೆಲ್ಲ ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಅವನ ಕೈಯೇ ಸೋತಿತು, ಎಲೆ ನಡುಗತೊಡಗಿತು. ಯಾರೋ ಕಿಸಕ್ಕೆಂದರು. “ಪೋರಗೀ ವೇಡೀ ಆಹೇ” ಎಂದು ನನಗೆ ಹುಚ್ಚಿಯ ಪಟ್ಟ ಕಟ್ಟಿ ಅವನು ಮೆಟ್ಟಿಲ ಕಡೆ ತಿರುಗಿದ. ಆ ಮುಖ ನೋಡಿ ನನಗಾದ ಸುಖವನ್ನು ಮುಚ್ಚಿಡುವುದೇಕೆ, ಹೋಳಿಗೆ ಉಂಡದ್ದಕ್ಕಿಂತ ಹೆಚ್ಚಾಯಿತು.

“ಥಾಂಬಾ.”

ನಿಲ್ಲು ಎಂದವರು ಅಪ್ಪ. ಹಿಂದೆಯೇ ನಡೆದುಹೋಗಿ, ತಾವು ತೆಗೆದುಕೊಂಡಿದ್ದ ಎಲೆಯನ್ನು ಅವನ ಅಂಗೈಯಲ್ಲಿಟ್ಟರು, ತಮ್ಮ ಕಪಾಳಕ್ಕೆ ಬಿದ್ದಿದ್ದ ಅದೇ ಅಂಗೈಯಲ್ಲಿ. “ಹೇ ತುಮಚಂ ಸೋನಂ. ತುಮಚ್ಯಾಕಡೇಚ ಠೇವಾ” ಎಂದರು. ನಿಮ್ಮ ಬಂಗಾರ ನಿಮ್ಮ ಹತ್ತಿರವೇ ಇರಲಿ. ಧ್ವನಿ ನಡುಗಿತು. ನಡುಗಲಿ! ಅವನು ಅಪ್ಪನನ್ನು ನೋಡಿದ, ಬಾಗಿಲು ಬಾಗಿಲಲ್ಲಿ ನಿಂತ ಜನರನ್ನು ನೋಡಿದ. ಕೈ ಎತ್ತಲಿಲ್ಲ. ಅವನು ಕೆಳಗಿಳಿದು ಹೋಗುವವರೆಗೂ ನಾನು ಕಣ್ಣು ತೆಗೆಯಲಿಲ್ಲ.

ನನ್ನ ತೋಳು ಇನ್ನೂ ಚಾಚಿಯೇ ಇತ್ತು. ಅಪ್ಪ ಬಂದು ಅದನ್ನು ಮೆಲ್ಲಗೆ ಇಳಿಸಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು:

“ಐತವಾರ ನಿನ್ನ ಕ್ಲಾಸ್ ಎಷ್ಟಕ್ಕೈತಿ?”