ಹುಣಸೆಹಣ್ಣಿನಲ್ಲಿ ತಿಕ್ಕಿದ ಜಪಾನಿ ಕತ್ತಿ

ರಜೆ ಹಾಕಿದ ದಿನವಾದರೂ ನಿದ್ದೆ ಮಾಡೋಣವೆಂದರೆ ಆ ಭಾಗ್ಯ ನನಗೆಲ್ಲಿ? ಬೆಳಿಗ್ಗೆ ಏಳಕ್ಕೇ ನಮ್ಮ ಬಡಾವಣೆ ಎಜುಕೇಶನ್ ಹಿಲ್ ಬಿಟ್ಟು ಕೆಂಟ್ ಎಂಬ ಊರಿನ ಕಡೆ ಕಾರು ತಿರುಗಿಸಿದೆ. ಹಿಂದಿನ ಸೀಟಿನಲ್ಲಿ ಗದಗಿನಿಂದ ಬಂದಿದ್ದ ನನ್ನ ಅವ್ವ ಮತ್ತು ಎದುರುಮನೆಯ ಮಾರ್ಗರೆಟ್, ಇಬ್ಬರ ತೊಡೆಯ ಮೇಲೆ ಚಾದರದಲ್ಲಿ ಸುತ್ತಿದ ಜಪಾನಿ ಕತ್ತಿ. ಮಹಾಯುದ್ಧ ಮುಗಿಸಿ ಬರುವಾಗ ಮಾರ್ಗರೆಟ್ ಅವರ ಅಪ್ಪ ತಂದದ್ದು. ಎಂಬತ್ತು ದಾಟಿದ ಅವರ ಬಳಿ ಅಪ್ಪನದೆಂದು ಉಳಿದಿರುವುದು ಅದೊಂದೇ.

ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ಮಾಡಿದ್ದಾದರೆ ಇಟ್ಟುಕೊಳ್ಳುತ್ತೇನೆ, ಹಳೆಯದಾದರೆ ಯಾರದೋ ಮನೆತನದ ಸೊತ್ತು, ಜಪಾನಿಗೆ ಕಳಿಸಿಬಿಡುತ್ತೇನೆ ಎಂದು ಅವರು ಗಟ್ಟಿ ಮನಸ್ಸು ಮಾಡಿದ್ದರು. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಕಾರಿನಲ್ಲಿ ಮೂವರಿದ್ದರೆ ಟೋಲ್ ಇಲ್ಲ, ಆದರೆ ಪಾಸನ್ನು ಅದಕ್ಕೆ ಬದಲಿಸಲು ಮರೆತು ಟೋಲ್ ತೆತ್ತೆ, ಆಮೇಲೂ ಟ್ರಾಫಿಕ್ಕಿನಲ್ಲಿ ತೆವಳಿದೆವು. ಅವ್ವನ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಮಾರ್ಗರೆಟ್ ಕೆಮ್ಮುತ್ತಲೇ ತಿಂದರು. ನನಗೆ ಕಣ್ಣು ಎಳೆಯುತ್ತಿತ್ತು.

ಕೆಂಟ್‌ನ ಗೋದಾಮುಗಳ ಹಿಂದಿನ ಪುಟ್ಟ ಮನೆಯಲ್ಲಿ ಡೇವಿಡ್ ಕಾಯುತ್ತಿದ್ದರು. ಜೀವನಪೂರ್ತಿ ಇಂಥ ಕತ್ತಿಗಳನ್ನು ಓದಿದವರು. ಅಲಗನ್ನು ದೀಪಕ್ಕೆ ವಾಲಿಸಿ, ಅದರ ಹರಿತವಾದ ಅಂಚಿನಲ್ಲಿ ಹಾಯ್ದ ಮಂಜಿನಂಥ ಗೆರೆಯನ್ನು ತೋರಿಸಿದರು. ಕೈಕೆಲಸ ಹೌದು, ಆದರೆ ಯುದ್ಧಕಾಲದಲ್ಲೂ ಒಳ್ಳೆಯ ಕಮ್ಮಾರರಿದ್ದರು, ಅಷ್ಟರಿಂದಲೇ ಹಳೆಯದೆನ್ನಲಾಗದು ಎಂದರು. ಬಿದಿರಿನ ಮೊಳೆ ತೆಗೆದು ಹಿಡಿ ಕಳಚಿದ್ದೇ ತಡ, ಅವರ ಮುಖ ಸಪ್ಪಗಾಯಿತು. ಹಿಡಿಯೊಳಗಿನ ಕಬ್ಬಿಣದ ಮೇಲೆ ಮಾಡಿದವನ ಹೆಸರಿರಲಿಲ್ಲ. ಹೆಸರಿಲ್ಲದ ಕತ್ತಿಯ ವಯಸ್ಸನ್ನು ಅಲ್ಲಿನ ತುಕ್ಕೇ ಹೇಳಬೇಕು, ಅದನ್ನು ಯಾರೂ ಮುಟ್ಟಬಾರದು. ಇಲ್ಲಿ ಅದು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಇದನ್ನು ತಿಕ್ಕಿದವರು ಯಾರು ಎಂದು ಕೇಳಿದರು.

ಆಯುಧಪೂಜೆಯ ದಿನ ನಾವು ಕಾರಿಗೆ ಕುಂಕುಮ ಹಚ್ಚುವುದನ್ನು ನೋಡಿ, ಮಾರ್ಗರೆಟ್ ಖುಷಿಯಿಂದ ತಮ್ಮ ಕತ್ತಿಯನ್ನೂ ತಂದಿದ್ದರು. ತುಕ್ಕು ಹಿಡಿದ ಆಯುಧವನ್ನು ದೇವರ ಮುಂದೆ ಇಡುವುದುಂಟೇ ಎಂದು ಅವ್ವ ಹಿಡಿ ಬಿಚ್ಚಿ, ಹುಣಸೆಹಣ್ಣು, ಉಪ್ಪು ಹಚ್ಚಿ ಫಳಫಳ ಮಾಡಿದ್ದಳು. ನಾವೆಲ್ಲ ಭೇಷ್ ಅಂದಿದ್ದೆವು.

ಇದನ್ನು ಹೇಳಿದಾಗ ಡೇವಿಡ್, ತುಕ್ಕು ಕೆಂಪಗಿತ್ತೇ ಕಪ್ಪಗಿತ್ತೇ ಎಂದು ಕೇಳಿದರು. ಕೆಂಪಾದರೆ ಈಚಿನದು, ಕಪ್ಪಾಗಲು ನೂರಾರು ವರ್ಷ ಬೇಕಂತೆ. ಇಂಗ್ಲಿಷ್ ಬಾರದ ಅವ್ವನನ್ನು ನಾನು ಯಾಕೆಂದು ಹೇಳದೆ ಬರೀ ಬಣ್ಣ ಕೇಳಿದೆ.

"ಕರ್ರಗಿತ್ತು. ರೊಟ್ಟಿ ಹಂಚಿನ ತಳ ಇರತೈತಲ್ಲ, ಹಂಗ. ತಿಕ್ಕಿ ತಿಕ್ಕಿ ನನ್ನ ರಟ್ಟಿ ಸೋತು ಹೋದ್ವು."

ಹಾಗಿದ್ದರೆ ಮುನ್ನೂರು ವರ್ಷವಾದರೂ ಆಗಿರಬೇಕು, ಬರೆದುಕೊಡಲಾರೆ, ಆದರೆ ನನಗೆ ಅನುಮಾನವಿಲ್ಲ ಎಂದರು ಡೇವಿಡ್. ಮಾರ್ಗರೆಟ್ ಥ್ಯಾಂಕ್ಸ್ ಹೇಳಿ, ಕತ್ತಿಯನ್ನು ತಾವೇ ಚಾದರದಲ್ಲಿ ಸುತ್ತಿದರು.

ವಾಪಸ್ ಬರುವಾಗ ಅವರು ಸದ್ದಿಲ್ಲದೆ ಅಳುತ್ತಿದ್ದರು. ಏನಾಯಿತೆಂದು ಅವ್ವ ಕೇಳಿದಳು. ಮುಚ್ಚಿಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಕತ್ತಿ ಹಳೆಯದೆಂದು ಗೊತ್ತಾಯಿತಲ್ಲ, ಇನ್ನು ಅಪ್ಪನ ನೆನಪಿಗಿದ್ದ ಅದೊಂದನ್ನೂ ಕಳಿಸಿಬಿಡುತ್ತಾರೆ ಎಂದೆ. ಅವ್ವ ಹಿಂದಿನಿಂದ ನನ್ನ ಭುಜಕ್ಕೆ ತಟ್ಟಿದಳು.

"ಮೊದ್ಲ ಹೇಳಬಾರದಿತ್ತೇನ? ಕೆಂಪಗಿತ್ತು ಅಂತಿದ್ದೆ."

ಏನಂದರೆಂದು ಮಾರ್ಗರೆಟ್ ಕೇಳಿದರು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಅಳುತ್ತಲೇ ನಕ್ಕು ಅವ್ವನ ಕೈ ಹಿಡಿದುಕೊಂಡರು. ಎಜುಕೇಶನ್ ಹಿಲ್ ಏರಿ ಮನೆ ಮುಂದೆ ಕಾರು ನಿಲ್ಲಿಸುವವರೆಗೂ ಬಿಡಲಿಲ್ಲ.