ಹುಂಜ ಸಾಕಿದ ಮಾರೆಪ್ಪ

ಸಂಡೂರಿನ ಗಣಿಕೆಲಸದಿಂದ ನಿವೃತ್ತನಾದ ವಾರವೇ ಕಮಲಾಪುರದ ಮಾರೆಪ್ಪ ಮೊಟ್ಟೆಗೆಂದು ಸಂತೆಯಿಂದ ಎರಡು ಜವಾರಿ ಕೋಳಿ ತಂದ. ಮೊದಲು ಹಿತ್ತಿಲು ಕೋಳಿಗಳ ಪಾಲಾಯಿತು, ಆಮೇಲೆ ಹೆಂಡತಿ ದುರ್ಗಕ್ಕನ ಹೊಸ ಬುಟ್ಟಿ, ಕೊನೆಗೆ ಅವಳ ಅಡುಗೆಮನೆಯ ಮೂಲೆ. ಈಗ ಬೇಲಿಯಾಚೆಯಿಂದ ಯಾರೇ ಇಣುಕಿದರೂ ಕರೆದು ಕೂರಿಸುತ್ತಾನೆ. “ಮೊದ್ಲು ಎರಡೇ ತರ್ರಿ, ಆಮ್ಯಾಲೆ ಅವೇ ನಿಮ್ಮನ್ನ ಸಾಕ್ತಾವ. ಬೆಕ್ಕು ಬರ್ತಾವ, ಗೂಡಿಗೆ ಜಾಳಿಗಿ ಹಾಕ್ರಿ. ಹುಂಜ ಮಾತ್ರ ಬ್ಯಾಡ, ಓಣಿಯವ್ರು ಬೈತಾರ!” ಹೀಗೆನ್ನುವವನ ಬಳಿಯೇ ಊರಿಗೆಲ್ಲ ದೊಡ್ಡ ಕೆಂಪು ಹುಂಜವಿದೆ. ನಿದ್ದೆಗೆಟ್ಟ ಓಣಿಯವರು ಬಂದು ಕೂಗಾಡಿದರೆ ನಗುತ್ತ ಮೊಟ್ಟೆ ಕೊಟ್ಟು ಕಳಿಸುತ್ತಾನೆ. ಗಣಿಯ ಸಿಡಿಮದ್ದು ಅವನ ಎರಡೂ ಕಿವಿಗಳನ್ನು ಕೆಡಿಸಿದೆ. ದಿನಾ ನಸುಕಿನಲ್ಲಿ ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಎದೆಗೆ ಅಂಗೈಯೊತ್ತಿ ಕಾಯುತ್ತಾನೆ. ಅದರ ಎದೆಯ ಅದುರು ಅಂಗೈಗೆ ತಾಕಿದೊಡನೆ ದುರ್ಗಕ್ಕನನ್ನು ಕರೆಯುತ್ತಾನೆ: “ಇವತ್ತ ಭಾಳ ಮಸ್ತ್ ಕೂಗೈತಿ ನೋಡು!”