ಓಝರ್ ಸಂಘದ ಅರ್ಧ ಸಿನಿಮಾ

ಬೆಳಗಾದರೆ ಈ ವಾಟ್ಸಾಪ್ ಗುಂಪಿನಲ್ಲಿ ಶುಭೋದಯ ಹಾಕುವ ಮಹನೀಯರೇ, ಇವತ್ತು ಮಹಾರಾಷ್ಟ್ರದ ಈ ಓಝರ್ ಊರಿನ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ನಿಮಗೆಲ್ಲ ಬಾಯಿ ಇರಲಿಲ್ಲವೇ?

ಹಾಕಿದ್ದು ನಾನು ಲಗ್ನಕ್ಕೆ ಮುಂಚೆ ಟೆಂಟಿನಲ್ಲಿ ಕೂತು ನೋಡಿದ್ದ ಸಿನಿಮಾ. ಹಳ್ಳಿಯ ಹುಡುಗಿ ದೊಡ್ಡವಳಾಗುವ ಕಥೆ. ನಮ್ಮ ಕಾರ್ಯದರ್ಶಿ ಮೈಕ್ ಹಿಡಿದು ಮಕ್ಕಳಿಗಾಗಿ ಪ್ರತಿ ಮಾತನ್ನೂ ಮರಾಠಿಗೆ ತಿರುಗಿಸಲು ಶುರು ಮಾಡಿದರು. ನನ್ನ ಮೊಮ್ಮಗಳು ಎದ್ದು ನಿಂತು, ಸುಮ್ಮನೆ ಕೂಡಿ ಎಂದು ಮರಾಠಿ ಬೆರೆಸಿ ಕೂಗಿದಳು. "ಕಾಕಾ, ಗಪ್ಪ ಬಸಾ ನಾ! ನಮಗ ತಿಳಿತೈತಿ!"

ತೆರೆಯ ಮೇಲೆ ಹುಡುಗಿ ಓದಲು ಪಟ್ಟಣಕ್ಕೆ ಹೊರಟಿದ್ದಳು. ಕೈಯಲ್ಲಿ ಟ್ರಂಕು, ಎದುರಿಗೆ ಬಸ್ಸು, ಹಿಂದೆ ಕೂಗುತ್ತಿರುವ ಅಪ್ಪ. ಅಷ್ಟರಲ್ಲಿ ಕಾರ್ಯದರ್ಶಿ ಸಿನಿಮಾ ನಿಲ್ಲಿಸಿ ದೀಪ ಹಾಕಿದರು!

"ಅಜ್ಜಿಯವರ, ಊಟ ಆರತೈತ್ರಿ. ಹಳೇ ಪಿಕ್ಚರ್, ಹುಡುಗೂರಿಗೆ ಬ್ಯಾಸರ. ಮುಂದಿನ ತಿಂಗಳ ಹೊಡೆದಾಟದ್ದು ಹಾಕೂಣ್ರಿ."

"ಒಂದರ ಕೂಸು ಊಟಕ್ಕ ಎದ್ದೈತೇನ್ರಿ? ತಾಟು ಹಿಡಿದು ಓಡಿದಾವ್ರೆಲ್ಲಾ ನಿಮ್ಮಂಥ ದೊಡ್ಡಾವ್ರ!" ಎಂದೆ.

ಅವರು ನಕ್ಕು ಪೂರಿ ಬಡಿಸಲು ಹೋದರು.

ಮನೆಗೆ ಬರುವಾಗ, ನನ್ನೊಡನೆ ಮರಾಠಿಯಲ್ಲೇ ಮಾತಾಡುವ ಮೊಮ್ಮಗಳು ಸೆರಗು ಜಗ್ಗಿ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಆಕಿ ಬಸ್ ಹತ್ತತಾಳೇನು?"

"ನಾ ಹೇಳೂದಿಲ್ಲ. ನೋಡೇ ತಿಳ್ಕೋ" ಎಂದೆ.

ಹೇಳಿದ ಮಾತು ಹೇಳಿದ್ದೇ. ಉಳಿದರ್ಧ ಯಾವತ್ತು ತೋರಿಸುತ್ತೀರಿ? ಮುಂದಿನ ತಿಂಗಳು ಹುಟ್ಟುವುದರೊಳಗೆ ಇಲ್ಲೇ ಉತ್ತರ ಕೊಡಿ. ಹೆಬ್ಬೆಟ್ಟು ಒತ್ತಿ ಜಾರಿಕೊಳ್ಳಬೇಡಿ. ಎಲ್ಲರೂ ಓದಿದವರಿದ್ದೀರಿ, ಅಕ್ಷರದಲ್ಲಿ ಬರೆಯಿರಿ.